ಒಂದೇ ಮಣ್ಣು, ನಾಲ್ಕು ಅಳತೆಯ ಚೀಲ: ತಾರಸಿಯ ಅವರೆಗೆ ಕುಂಡ ಆರಿಸಿದ ದಾಖಲೆ

ಬೆಂಗಳೂರಿನ ತಾರಸಿಯ ಮೇಲೆ ಬೇಸಿಗೆಯಲ್ಲಿ ಅವರೆ ಬೆಳೆಯಲು ಎಷ್ಟು ದೊಡ್ಡ ಚೀಲ ಬೇಕು ಎಂಬುದನ್ನು ಅಳೆದು, ತೂಗಿ, ಕೊನೆಗೆ ಬೇರನ್ನು ಬಿಡಿಸಿ ನೋಡಿ ನಿರ್ಧರಿಸಿದ ಕೆಲಸದ ದಾಖಲೆ ಇದು. ಇಲ್ಲಿ ಬೆಳೆದದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ ಮಾರುಕಟ್ಟೆಗೆ ಬರುವ ನಾಟಿ ಅವರೆಯನ್ನಲ್ಲ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಹೆಬ್ಬಾಳ ಅವರೆ-3 ಎಂಬ ಗಿಡ್ಡ ತಳಿಯನ್ನು. ನಾಟಿ ಅವರೆ ಹಗಲಿನ ಉದ್ದವನ್ನು ಅನುಸರಿಸಿ ಹೂ ಬಿಡುವ ಬೆಳೆ. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ, ಅತಿ ಕಿರಿದು ಸುಮಾರು 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆಯಷ್ಟು ಅಂತರವನ್ನೇ ಗಿಡ ಗುರುತಿಸಿ, ಹಗಲು ಕುಗ್ಗುವವರೆಗೆ ಬಳ್ಳಿ ಎಲೆಗಳನ್ನಷ್ಟೇ ಬೆಳೆಸುತ್ತದೆ. ಹೆಬ್ಬಾಳ ಅವರೆ-3ಕ್ಕೆ ಈ ಕಾಯುವಿಕೆಯಿಲ್ಲ. ಯಾವ ತಿಂಗಳಲ್ಲಿ ಬಿತ್ತಿದರೂ ಅದು ತನ್ನ ವಯಸ್ಸನ್ನು ಲೆಕ್ಕ ಹಾಕಿಕೊಂಡು ಸುಮಾರು ಆರೇಳು ವಾರಗಳಲ್ಲಿ ಹೂ ಬಿಡುತ್ತದೆ, ತುದಿಯಲ್ಲಿ ಹೂಗೊಂಚಲು ಮೂಡಿದೊಡನೆ ಎತ್ತರ ಬೆಳೆಯುವುದನ್ನು ನಿಲ್ಲಿಸುತ್ತದೆ, ಎರಡೂವರೆ ತಿಂಗಳ ಹೊತ್ತಿಗೆ ಹಸಿಕಾಯಿ ಕೊಡುತ್ತದೆ.

ಕುಂಡದ ಅಳತೆಯ ಪ್ರಶ್ನೆ ಇಂಥ ತಳಿಯಲ್ಲಿ ಬೇರೆಯೇ ರೂಪ ಪಡೆಯುತ್ತದೆ. ನಾಟಿ ಅವರೆಯನ್ನು ಆಷಾಢದಲ್ಲಿ ಸಣ್ಣ ಕುಂಡದಲ್ಲಿ ಬಿತ್ತಿ, ಶ್ರಾವಣದಲ್ಲಿ ದೊಡ್ಡದಕ್ಕೆ ವರ್ಗಾಯಿಸಿ, ಬೇರಿಗೆ ಪೆಟ್ಟಾಗಿ ಒಂದೆರಡು ವಾರ ಬಾಡಿದರೂ ನಷ್ಟ ದೊಡ್ಡದಲ್ಲ. ಹೂ ಬಿಡುವ ಕಾಲ ಇನ್ನೂ ದೂರವಿರುವುದರಿಂದ ಗಿಡ ಚೇತರಿಸಿಕೊಂಡು ಮತ್ತೆ ಹಬ್ಬುತ್ತದೆ. ವಯಸ್ಸಿಗೆ ಹೂ ಬಿಡುವ ತಳಿಗೆ ಆ ಅವಕಾಶವಿಲ್ಲ. ಮೊದಲ ಐದು ವಾರಗಳಲ್ಲಿ ಬೇರು ಎಷ್ಟು ಹರಡಿತೋ, ಕೊಂಬೆ ಎಷ್ಟು ಒಡೆಯಿತೋ ಅದೇ ಅದರ ಬಂಡವಾಳ. ಗಿಡ ಗೇಣುದ್ದವಿದ್ದರೂ ಗಡುವು ಬಂದಾಗ ಹೂ ಬಿಟ್ಟೇ ಬಿಡುತ್ತದೆ. ಆದ್ದರಿಂದ ಬೀಜ ಬೀಳುವ ಚೀಲವೇ ಕಡೆಯ ಚೀಲವಾಗಬೇಕು, ಅದರ ಅಳತೆಯನ್ನು ಬಿತ್ತುವ ಮೊದಲೇ ತೀರ್ಮಾನಿಸಿರಬೇಕು.

ಛಾವಣಿಯ ಲೆಕ್ಕ

ಗಿಡದ ಆಸೆಯನ್ನು ಕೇಳುವ ಮೊದಲು ಛಾವಣಿಯ ಶಕ್ತಿಯನ್ನು ಕೇಳುವುದು ನ್ಯಾಯ. ಓಡಾಟಕ್ಕೆ ತೆರೆದ ಚಪ್ಪಟೆ ಛಾವಣಿಗೆ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗವು ಚದರ ಮೀಟರಿಗೆ 1.5 ಕಿಲೋನ್ಯೂಟನ್ ಹೊರೆಯನ್ನು ಹೇಳುತ್ತದೆ, ಅಂದರೆ ಸುಮಾರು 150 ಕೆ.ಜಿ. ಇದರಲ್ಲಿಯೇ ಮನುಷ್ಯರು, ಬಟ್ಟೆ ಒಣಗಿಸುವ ಕಂಬ, ಮಳೆಯಲ್ಲಿ ನಿಲ್ಲುವ ನೀರು ಎಲ್ಲವೂ ಸೇರಬೇಕು. ಹಳೆಯ ಮನೆಗಳಲ್ಲಿ, ಅದರಲ್ಲೂ ಸೋರಿಕೆಯನ್ನು ನಿಲ್ಲಿಸಲು ಒಂದರ ಮೇಲೊಂದು ಗಾರೆಯ ಪದರ ಹಾಕಿರುವ ತಾರಸಿಗಳಲ್ಲಿ, ಈ ಮಿತಿಯ ಒಂದಿಷ್ಟು ಭಾಗ ಆಗಲೇ ಖರ್ಚಾಗಿರುತ್ತದೆ. ಹಾಗಾಗಿ ಮಣ್ಣು, ನೀರು, ಗಿಡ ಎಲ್ಲ ಸೇರಿ ಚದರ ಮೀಟರಿಗೆ 80 ಕೆ.ಜಿ. ಮೀರಬಾರದು ಎಂದು ನಾನು ಗೆರೆ ಎಳೆದುಕೊಂಡೆ. ಇದು ನನ್ನ ಜಾಗ್ರತೆಯ ಅಂಕಿ; ತಮ್ಮ ಮನೆಯ ತೊಲೆಗಳ ವಿವರ ಗೊತ್ತಿಲ್ಲದವರು ಒಬ್ಬ ಸಿವಿಲ್ ಎಂಜಿನಿಯರನ್ನು ಕೇಳುವುದೇ ಸರಿಯಾದ ಕ್ರಮ.

ಕೆಮ್ಮಣ್ಣು, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಇವುಗಳನ್ನು ಸಮಭಾಗವಾಗಿ ಬೆರೆಸಿದ ನನ್ನ ಮಿಶ್ರಣವು ಪೂರ್ತಿ ನೀರು ಕುಡಿದು, ಹೆಚ್ಚುವರಿ ನೀರು ಬಸಿದ ಮೇಲೆ ಲೀಟರಿಗೆ ಸುಮಾರು 1.1 ಕೆ.ಜಿ. ತೂಗಿತು. ಬರೀ ಕೆಮ್ಮಣ್ಣಾಗಿದ್ದರೆ ಇದರ ಒಂದೂವರೆ ಪಟ್ಟು ಹತ್ತಿರಕ್ಕೆ ಹೋಗುತ್ತಿತ್ತು. ಅಂದರೆ 80 ಕೆ.ಜಿ. ಮಿತಿಯೊಳಗೆ ಒಂದು ಚದರ ಮೀಟರಿಗೆ ಸಿಗುವುದು ಹೆಚ್ಚು ಕಡಿಮೆ 73 ಲೀಟರ್ ಮಣ್ಣು. ಛಾವಣಿಗೆ ಚೀಲದ ಅಳತೆಯ ಪರಿವೆಯಿಲ್ಲ, ಅದು ಎಣಿಸುವುದು ಲೀಟರನ್ನು. ಲಭ್ಯವಿರುವ 73 ಲೀಟರನ್ನು ಒಂದು ದೊಡ್ಡ ಚೀಲವಾಗಿ ಇಡಬೇಕೋ, ಹತ್ತು ಸಣ್ಣ ಚೀಲಗಳಾಗಿ ಹಂಚಬೇಕೋ ಎಂಬುದು ಮಾತ್ರ ನಮ್ಮ ಕೈಯಲ್ಲಿ ಉಳಿದ ಪ್ರಶ್ನೆ. ಇಡೀ ಪರೀಕ್ಷೆಯನ್ನು ನಾನು ಈ ಒಂದು ಪ್ರಶ್ನೆಯ ಸುತ್ತ ಕಟ್ಟಿದೆ.

ಚೀಲಗಳ ನಿಜವಾದ ಗಾತ್ರ

ಗ್ರೋ ಬ್ಯಾಗುಗಳನ್ನು ನಮ್ಮಲ್ಲಿ ಇಂಚಿನ ಲೆಕ್ಕದಲ್ಲಿ ಮಾರುತ್ತಾರೆ: ಮೊದಲ ಅಂಕಿ ಅಗಲ, ಎರಡನೆಯದು ಎತ್ತರ. ಕೊಳ್ಳುವವರಿಗೆ ಬೇಕಾದದ್ದು ಲೀಟರ್, ಅದನ್ನು ಬಹುತೇಕ ಚೀಲಗಳ ಮೇಲೆ ಬರೆದಿರುವುದಿಲ್ಲ. ಮೇಲಿನ ಎರಡು ಇಂಚನ್ನು ನೀರು ನಿಲ್ಲುವುದಕ್ಕೆ ಖಾಲಿ ಬಿಡಲೇಬೇಕಾದ್ದರಿಂದ ಕಾಗದದ ಮೇಲಿನ ಗಾತ್ರವೂ ಕೈಗೆ ಸಿಗುವುದಿಲ್ಲ. ಹೀಗೆ ಕಳೆದು ನೋಡಿದರೆ 9×9 ಇಂಚಿನ ಚೀಲ 7.3 ಲೀಟರ್ ಹಿಡಿಯುತ್ತದೆ, 12×12 ಚೀಲ 18.5 ಲೀಟರ್, 15×15 ಚೀಲ 37.6 ಲೀಟರ್, ಅಗಲವಾದ 24×12 ಚೀಲ 74 ಲೀಟರ್. ಒಂಬತ್ತರಿಂದ ಹನ್ನೆರಡಕ್ಕೆ ಹೋದಾಗ ಮೂರೇ ಇಂಚು ಹೆಚ್ಚಿದಂತೆ ತೋರಿದರೂ ಮಣ್ಣು ಎರಡೂವರೆ ಪಟ್ಟಾಗುತ್ತದೆ ಎಂಬುದನ್ನು ಅಂಗಡಿಯಲ್ಲಿ ನಿಂತು ಕಣ್ಣಳತೆಯಿಂದ ಊಹಿಸುವುದು ಕಷ್ಟ.

ಈ ನಾಲ್ಕು ಅಳತೆಗಳು ನನ್ನ 73 ಲೀಟರಿಗೆ ಹೆಚ್ಚು ಕಡಿಮೆ ಹೊಂದಿಕೊಂಡವು: ಒಂದು 24×12, ಅಥವಾ ಎರಡು 15×15, ಅಥವಾ ನಾಲ್ಕು 12×12, ಅಥವಾ ಹತ್ತು 9×9. ಹಾಗಾಗಿ ನಾಲ್ಕು ಚದರ ಮೀಟರ್ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಒಂದೊಂದರಲ್ಲಿ ಒಂದೊಂದು ಬಗೆಯ ಹಂಚಿಕೆಯನ್ನು ಇಟ್ಟೆ. ದೊಡ್ಡ ಚೀಲದಲ್ಲಿ ಎಂಟು ಗಿಡ, 15×15ರಲ್ಲಿ ತಲಾ ನಾಲ್ಕು, 12×12ರಲ್ಲಿ ತಲಾ ಎರಡು, 9×9ರಲ್ಲಿ ಒಂದೊಂದು. ಮೊದಲ ಮೂರರಲ್ಲಿ ಗಿಡವೊಂದಕ್ಕೆ ಒಂಬತ್ತು ಲೀಟರಿಗಿಂತ ತುಸು ಹೆಚ್ಚು ಮಣ್ಣು ಸಿಗುತ್ತದೆ. ಕೊನೆಯದರಲ್ಲಿ ಪಾಲು ಕಡಿಮೆ, ಆದರೆ ಗಿಡಗಳ ಸಂಖ್ಯೆ ಹೆಚ್ಚು. ಹೋಲಿಕೆಯಲ್ಲಿ ಈ ಸಣ್ಣ ಓರೆ ಇದೆ ಎಂಬುದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು.

ದೊಡ್ಡ ಕುಂಡ ಎಂದರೆ ದೊಡ್ಡ ಗಿಡ ಎಂಬ ಮಾತಿಗೆ ಆಧಾರವಿಲ್ಲದಿಲ್ಲ. ಕುಂಡದ ಗಾತ್ರದ ಬಗ್ಗೆ ಪ್ರಕಟವಾಗಿದ್ದ 65 ಅಧ್ಯಯನಗಳನ್ನು ಸಸ್ಯವಿಜ್ಞಾನಿ ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕುಂಡವನ್ನು ಎರಡು ಪಟ್ಟು ಮಾಡಿದರೆ ಗಿಡದ ಒಟ್ಟು ತೂಕ ಸರಾಸರಿ 43 ಪ್ರತಿಶತ ಹೆಚ್ಚುತ್ತದೆ ಎಂದು ಕಂಡುಬಂತು. ಮಣ್ಣು ನೂರು ಪ್ರತಿಶತ ಹೆಚ್ಚಿದಾಗ ಗಿಡ 43 ಪ್ರತಿಶತ ಹೆಚ್ಚುತ್ತದೆ ಎಂಬುದನ್ನು ಎರಡು ಬಗೆಯಲ್ಲಿ ಓದಬಹುದು. ನೆಲದಲ್ಲಿ ಜಾಗವಿದ್ದವರಿಗೆ ಅದು ದೊಡ್ಡ ಕುಂಡದ ಪರವಾದ ವಾದ. ಪ್ರತಿ ಲೀಟರನ್ನೂ ತೂಗಿ ಇಡಬೇಕಾದ ತಾರಸಿಯವರಿಗೆ ಅದೇ ಅಂಕಿ, ಲೀಟರಿಗೆ ಸಿಗುವ ಫಲ ಕುಂಡ ಹಿಗ್ಗಿದಷ್ಟೂ ಇಳಿಯುತ್ತದೆ ಎಂದು ಹೇಳುತ್ತದೆ.

ಬಾಟಲಿಯಲ್ಲಿ ಕಂಡ ನೀರಿನ ಗೆರೆ

ಗಾತ್ರದಷ್ಟೇ ಮುಖ್ಯವಾಗಿ ನೋಡಬೇಕಾದದ್ದು ಎತ್ತರ. ಅಂಗಡಿಯಲ್ಲಾಗಲಿ ತೋಟಗಾರರ ನಡುವೆಯಾಗಲಿ ಇದರ ಮಾತು ಕಡಿಮೆ. ಯಾವುದೇ ಕುಂಡಕ್ಕೆ ನೀರು ಹಾಕಿ ಕೆಳಗಿನ ತೂತಿನಿಂದ ತೊಟ್ಟಿಕ್ಕುವುದು ನಿಂತ ಮೇಲೂ ತಳದಲ್ಲಿ ಒಂದು ಪದರ ಪೂರ್ತಿ ನೀರು ತುಂಬಿಕೊಂಡೇ ಉಳಿಯುತ್ತದೆ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದಿಡುವ ಬಲ, ಗುರುತ್ವ ಅದನ್ನು ಕೆಳಗೆಳೆಯುವ ಬಲಕ್ಕೆ ಸಮನಾಗುವ ಎತ್ತರದವರೆಗೆ ಈ ಪದರ ನಿಲ್ಲುತ್ತದೆ. ಅದರ ದಪ್ಪವನ್ನು ನಿರ್ಧರಿಸುವುದು ಮಿಶ್ರಣ ಎಷ್ಟು ನುಣುಪು ಎಂಬುದು ಮಾತ್ರ. ಕುಂಡ ಎತ್ತರವಿರಲಿ, ಗಿಡ್ಡವಿರಲಿ, ಅದು ಬದಲಾಗದು. ಪಾತ್ರೆ ಒರೆಸುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಡ್ಡ ಹಿಡಿದು, ಹನಿ ನಿಂತ ಮೇಲೆ ಉದ್ದುದ್ದ ತಿರುಗಿಸಿದರೆ ಮತ್ತೆ ನೀರು ಸುರಿಯುವುದು ಇದೇ ಕಾರಣಕ್ಕೆ.

ನನ್ನ ಮಿಶ್ರಣದಲ್ಲಿ ಈ ಪದರ ಎಷ್ಟಿದೆ ಎಂದು ತಿಳಿಯಲು ಎರಡು ಲೀಟರಿನ ಪಾರದರ್ಶಕ ತಂಪು ಪಾನೀಯದ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ತಳಕ್ಕೆ ಕಾದ ಮೊಳೆಯಿಂದ ತೂತುಗಳನ್ನು ಮಾಡಿ, ಮಿಶ್ರಣ ತುಂಬಿ, ಪೂರ್ತಿ ನೆನೆಯುವಷ್ಟು ನೀರು ಹಾಕಿ ಬಸಿಯಲು ಬಿಟ್ಟೆ. ಕೊಂಚ ಹೊತ್ತಿನ ನಂತರ ತಳದಲ್ಲಿ ಕಪ್ಪಾಗಿ ಹೊಳೆಯುವ ಪಟ್ಟಿಯೊಂದು ಸ್ಪಷ್ಟವಾಗಿ ಬೇರೆಯಾಗಿ ಕಂಡಿತು. ಅಳತೆಪಟ್ಟಿಯಲ್ಲಿ ಅದು ಎರಡು ಇಂಚಿನ ಹತ್ತಿರ ಇತ್ತು. ಎರೆಗೊಬ್ಬರವನ್ನು ಜರಡಿ ಹಿಡಿದು ಪುಡಿಯನ್ನು ತೆಗೆದು, ಅದರ ಜಾಗಕ್ಕೆ ಒರಟಾದ ತೆಂಗಿನ ಸಿಪ್ಪೆಯ ಚೂರನ್ನು ಬೆರೆಸಿದಾಗ ಪಟ್ಟಿ ತೆಳುವಾಯಿತಾದರೂ ಮಿಶ್ರಣ ಹಿಡಿದಿಡುವ ನೀರೂ ಇಳಿದುದರಿಂದ, ಬೇಸಿಗೆಯ ಬೆಳೆಗೆ ಮೊದಲಿನ ಪಾಕವನ್ನೇ ಉಳಿಸಿಕೊಂಡೆ.

ಎರಡು ಇಂಚು ಎಂಬ ಅಂಕಿಯನ್ನು ಚೀಲಗಳ ಮೇಲೆ ಕೂರಿಸಿದರೆ ವಿಷಯ ಬಯಲಾಗುತ್ತದೆ. ಏಳು ಇಂಚು ಮಣ್ಣಿರುವ 9×9 ಚೀಲದಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಣ್ಣು ನೀರು ಹಾಕಿದ ಪ್ರತಿ ಸಲವೂ ಗಾಳಿಯಿಲ್ಲದೆ ಉಳಿಯುತ್ತದೆ. ಹತ್ತು ಇಂಚು ಮಣ್ಣಿರುವ 12×12 ಮತ್ತು 24×12ರಲ್ಲಿ ಅದು ಐದನೆಯ ಒಂದು ಭಾಗ. ಹದಿಮೂರು ಇಂಚಿನ 15×15ರಲ್ಲಿ ಇನ್ನೂ ಕಡಿಮೆ. ಅವರೆಗೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ದ್ವಿದಳ ಬೆಳೆಯ ಬೇರುಗಂಟುಗಳಲ್ಲಿ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾಗಳ ಕೆಲಸಕ್ಕೆ ಮಣ್ಣಿನೊಳಗೆ ಗಾಳಿಯಾಡಬೇಕು. ಲೆಕ್ಕದಲ್ಲಿ 7.3 ಲೀಟರ್ ಎನ್ನಿಸಿಕೊಂಡ ಸಣ್ಣ ಚೀಲ ಈ ಬೇರುಗಳಿಗೆ ಕೊಡುವುದು ಐದು ಲೀಟರ್ ಚಿಲ್ಲರೆ ಮಾತ್ರ.

ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಕುಂಡದ ತಳಕ್ಕೆ ಜಲ್ಲಿಯನ್ನೋ ಹೆಂಚಿನ ಚೂರನ್ನೋ ಎರಡು ಇಂಚು ಹಾಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ, ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆಯಿಂದ. ಅದೇ ಬಾಟಲಿಯಲ್ಲಿ ತಳಕ್ಕೆ ಜಲ್ಲಿ ಹಾಕಿ ನೋಡಿದರೆ ನೀರು ತುಂಬಿದ ಪಟ್ಟಿ ಜಲ್ಲಿಯ ಮೇಲೆ, ಮಣ್ಣಿನ ಅಂಚಿನಲ್ಲಿ, ಅಷ್ಟೇ ದಪ್ಪವಾಗಿ ಬಂದು ಕೂರುತ್ತದೆ. ಬೇರಿಗೆ ಸಿಗುವ ಒಣ ಮಣ್ಣು ಎರಡು ಇಂಚು ಕಡಿಮೆಯಾಗುತ್ತದೆ, ಛಾವಣಿಯ ಮೇಲೆ ಕಲ್ಲಿನ ತೂಕ ಸೇರುತ್ತದೆ. ತೂತಿನಿಂದ ಮಣ್ಣು ಹೋಗದಂತೆ ಒಂದು ಚೂರು ಸೊಳ್ಳೆಪರದೆಯ ಬಟ್ಟೆ ಸಾಕು.

ಇಡುವುದು, ತುಂಬುವುದು, ಬಿತ್ತುವುದು

ಚೀಲಗಳನ್ನು ನೇರವಾಗಿ ತಾರಸಿಯ ಮೇಲಿಡದೆ ಇಟ್ಟಿಗೆಗಳ ಮೇಲಿಟ್ಟೆ. ಕೆಳಗೆ ಗಾಳಿಯಾಡಿ ಛಾವಣಿ ಒಣಗುತ್ತದೆ, ನೀರು ಇಳಿಜಾರಿನ ಕಡೆಗೆ ಅಡ್ಡಿಯಿಲ್ಲದೆ ಹೋಗುತ್ತದೆ. 24×12 ಚೀಲವನ್ನು ಮಾತ್ರ ಕೆಳಗಿನ ಗೋಡೆಯ ನೇರಕ್ಕೆ ಬರುವಂತೆ ಇಟ್ಟೆ, ಏಕೆಂದರೆ ನೆನೆದಾಗ 80 ಕೆ.ಜಿ. ಆಸುಪಾಸು ತೂಗುವ ಅದನ್ನು ತುಂಬಿದ ಮೇಲೆ ಸರಿಸುವ ಪ್ರಶ್ನೆಯೇ ಇರಲಿಲ್ಲ. ಚೀಲಗಳಿಗೆ ತಯಾರಕರು ಹಾಕಿದ್ದ ತೂತುಗಳು ಕಡಿಮೆ ಎನಿಸಿ, ತಳದ ಅಂಚಿನ ಸುತ್ತ ಕಾದ ಕಬ್ಬಿಣದ ಕಡ್ಡಿಯಿಂದ ಇನ್ನಷ್ಟು ತೂತು ಮಾಡಿದೆ.

ಮಿಶ್ರಣಕ್ಕೆ ಬೇವಿನ ಹಿಂಡಿಯನ್ನು ಹಿಡಿಯಷ್ಟು ಸೇರಿಸಿದ್ದು ಬಿಟ್ಟರೆ ಬೇರೆ ಗೊಬ್ಬರ ಕೊಡಲಿಲ್ಲ. ಸಾರಜನಕ ಹೆಚ್ಚಾದರೆ ಅವರೆ ಎಲೆಗೇ ಬೀಳುತ್ತದೆ, ಬೇರುಗಂಟು ಕಟ್ಟುವ ಗೋಜಿಗೂ ಹೋಗುವುದಿಲ್ಲ. ಬೀಜಕ್ಕೆ ರೈಜೋಬಿಯಂ (ಬೇರುಗಂಟಿನ ಬ್ಯಾಕ್ಟೀರಿಯಾ) ಪುಡಿಯನ್ನು ಬೆಲ್ಲದ ಅಂಟಿನಲ್ಲಿ ಲೇಪಿಸಿ, ನೆರಳಿನಲ್ಲಿ ಆರಿಸಿ, ಫೆಬ್ರವರಿಯ ಕೊನೆಯಲ್ಲಿ ನೇರವಾಗಿ ಚೀಲದಲ್ಲಿಯೇ ಬಿತ್ತಿದೆ. ಗುಣಿಗೆ ಎರಡು ಬೀಜ ಹಾಕಿ, ಎರಡೆಲೆ ಬಿಚ್ಚಿದ ಮೇಲೆ ಬಲವಾದುದನ್ನು ಉಳಿಸಿ ಇನ್ನೊಂದನ್ನು ಕೀಳದೆ ಕತ್ತರಿಯಿಂದ ಕತ್ತರಿಸಿದೆ; ಕಿತ್ತರೆ ಉಳಿಯಬೇಕಾದ ಗಿಡದ ಬೇರು ಅಲುಗುತ್ತದೆ. ಹೋಲಿಕೆಗಾಗಿ ಗೋಡೆಯ ಮೇಲ್ಭಾಗದಲ್ಲಿದ್ದ ಒಂದು 18×18 ಚೀಲದಲ್ಲಿ ನಾಟಿ ಅವರೆಯನ್ನೂ ಅದೇ ದಿನ ಬಿತ್ತಿದೆ.

ಮೊದಲ ವಾರಗಳಲ್ಲಿ ದೊಡ್ಡ ಚೀಲದ ತೊಂದರೆ ತೋರಿತು. ಬೆರಳುದ್ದದ ಮೊಳಕೆ 37 ಲೀಟರ್ ಮಣ್ಣಿನ ನೀರನ್ನು ಕುಡಿಯಲಾರದು. ಎಲ್ಲ ಚೀಲಕ್ಕೂ ಒಂದೇ ರೀತಿ ನೀರು ಕೊಟ್ಟರೆ 15×15ರ ಕೆಳಗಿನ ಅರ್ಧ ಒಣಗುವುದೇ ಇಲ್ಲ. ಹೀಗಾಗಿ ಆ ಚೀಲಗಳಲ್ಲಿ ಮೊಳಕೆಯ ಸುತ್ತ ಅಂಗೈ ಅಗಲಕ್ಕೆ ಮಾತ್ರ ನೀರು ಹಾಕುತ್ತ, ಗಿಡ ಬೆಳೆದಂತೆ ನೀರಿನ ವೃತ್ತವನ್ನು ಹಿಗ್ಗಿಸಿದೆ. ನಾಟಿ ತಳಿಯಾದರೆ ಕಾಲಕ್ರಮದಲ್ಲಿ ಆ ಮಣ್ಣನ್ನೆಲ್ಲ ಆಕ್ರಮಿಸುತ್ತದೆ. ಆರೇಳು ವಾರಕ್ಕೆ ಬೆಳವಣಿಗೆ ನಿಲ್ಲಿಸುವ ತಳಿಗೆ ಅಷ್ಟು ಸಮಯವಿದೆಯೇ ಎಂಬ ಸಂಶಯ ಆಗಲೇ ಹುಟ್ಟಿತು.

ತಕ್ಕಡಿಯಿಂದ ನೀರಿನ ಲೆಕ್ಕ

ಮಣ್ಣಿಗೆ ಬೆರಳು ಚುಚ್ಚಿ ತೇವ ನೋಡುವುದು ಮೇಲಿನ ಎರಡು ಇಂಚಿನ ಸುದ್ದಿಯನ್ನಷ್ಟೇ ಹೇಳುತ್ತದೆ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುವುದರಿಂದ, ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿಯಿಂದ ಬೆಳಿಗ್ಗೆ ಮತ್ತು ಸಂಜೆ ಚೀಲವನ್ನೇ ತೂಗಿದರೆ ಗಿಡ ಕುಡಿದದ್ದೂ ಆವಿಯಾದದ್ದೂ ನೇರವಾಗಿ ಅಂಕಿಯಲ್ಲಿ ಸಿಗುತ್ತದೆ. 9×9 ಮತ್ತು 12×12 ಚೀಲಗಳಿಗೆ ಅಗಲವಾದ ನೈಲಾನ್ ಪಟ್ಟಿಯ ತೊಟ್ಟಿಲು ಮಾಡಿಕೊಂಡು ಹೀಗೆ ತೂಗಿದೆ. 15×15 ಚೀಲವನ್ನು ಎತ್ತಿ ಹಿಡಿಯುವುದು ಒಬ್ಬರಿಂದ ಆಗುವ ಕೆಲಸವಲ್ಲ, 24×12ರ ಮಾತು ಬಿಡಿ. ಅವಕ್ಕೆ ಎಷ್ಟು ಲೀಟರ್ ಹಾಕಿದರೆ ತಳದಲ್ಲಿ ಜಿನುಗುತ್ತದೆ ಎಂಬುದರಿಂದ ಅಂದಾಜು ಮಾಡಿದೆ.

ಏಪ್ರಿಲ್ ನಡುವಿನಲ್ಲಿ, ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ಗಿಡವೊಂದಕ್ಕೆ ದಿನಕ್ಕೆ ಹೆಚ್ಚು ಕಡಿಮೆ ಒಂದು ಲೀಟರ್ ಖರ್ಚಾಗುತ್ತಿತ್ತು. ಪೂರ್ತಿ ನೆನೆದಾಗ ಎಂಟು ಕೆ.ಜಿ. ಇರುತ್ತಿದ್ದ 9×9 ಚೀಲ ಒಂದೂವರೆ ಕೆ.ಜಿ. ಕಳೆದುಕೊಂಡರೆ ಎಲೆ ಜೋಲುತ್ತಿತ್ತು. ಇಪ್ಪತ್ತು ಕೆ.ಜಿ.ಯ 12×12 ಚೀಲ ಎರಡು ಗಿಡಗಳಿಗೆ ದಿನಕ್ಕೆ ಎರಡು ಲೀಟರ್ ಕೊಟ್ಟರೂ ನಾಲ್ಕು ಕೆ.ಜಿ. ಇಳಿಯುವವರೆಗೆ ಬಾಡಲಿಲ್ಲ. ಅಂದರೆ ಸಣ್ಣ ಚೀಲದ ಗಿಡಕ್ಕೆ ಒಂದೂವರೆ ದಿನದ ನೀರು, ಮಧ್ಯದ ಚೀಲಕ್ಕೆ ಎರಡು ದಿನದ್ದು. ಕಾಗದದ ಮೇಲೆ ಅರ್ಧ ದಿನದ ವ್ಯತ್ಯಾಸವಾದರೂ ತಾರಸಿಯ ಮೇಲೆ ಅದರ ಅರ್ಥ ಬೇರೆ: ಬೆಳಿಗ್ಗೆ ನೀರು ಹಾಕಿ ಕೆಲಸಕ್ಕೆ ಹೋದವರು ಮರುದಿನ ಬೆಳಿಗ್ಗೆ ತಡಮಾಡಿದರೆ ಒಂದನೆಯದು ಮಧ್ಯಾಹ್ನದೊಳಗೆ ಕುಸಿದಿರುತ್ತದೆ, ಎರಡನೆಯದು ಸಂಜೆಯವರೆಗೆ ಕಾಯುತ್ತದೆ. ಹೂವಿನ ಹಂತದಲ್ಲಿ ಒಮ್ಮೆ ಹೀಗೆ ಬಾಡಿದ ಅವರೆ ಹೂ ಉದುರಿಸುತ್ತದೆ, ಮತ್ತು ಗಿಡ್ಡ ತಳಿಯಲ್ಲಿ ಎರಡನೆಯ ಸುತ್ತಿನ ಹೂವು ಮೊದಲಿನಷ್ಟು ತುಂಬಿ ಬರುವುದಿಲ್ಲ.

ಬಿಸಿಯೂ ಸಣ್ಣ ಚೀಲಕ್ಕೇ ಹೆಚ್ಚು ತಟ್ಟಿತು. ದುಂಡನೆಯ ಚೀಲದ ಪಕ್ಕದ ಮೈ ಅದರ ಒಳಗಿನ ಮಣ್ಣಿನ ಪ್ರಮಾಣಕ್ಕೆ ಹೋಲಿಸಿದರೆ ಅಗಲ ಕುಗ್ಗಿದಂತೆ ಹೆಚ್ಚುತ್ತದೆ. 24 ಇಂಚಿನ ಚೀಲಕ್ಕಿಂತ 9 ಇಂಚಿನದರಲ್ಲಿ ಲೀಟರ್ ಮಣ್ಣಿಗೆ ಬಿಸಿಲು ಬೀಳುವ ಪಕ್ಕ 2.7 ಪಟ್ಟು. ಅಡುಗೆಮನೆಯ ಥರ್ಮಾಮೀಟರನ್ನು ಪಶ್ಚಿಮದ ಅಂಚಿನ ಮಣ್ಣಿಗೆ ಚುಚ್ಚಿ ನೋಡಿದಾಗ ಇಳಿಹೊತ್ತಿನಲ್ಲಿ ಸಣ್ಣ ಚೀಲಗಳಲ್ಲಿ 40 ಡಿಗ್ರಿ ದಾಟುತ್ತಿತ್ತು, ದೊಡ್ಡವುಗಳ ನಡುಮಣ್ಣು ಕೈಗೆ ತಂಪಾಗಿಯೇ ಇರುತ್ತಿತ್ತು. ಸಣ್ಣ ಚೀಲಗಳನ್ನು ಒತ್ತೊತ್ತಾಗಿ ಇಟ್ಟು ಪಶ್ಚಿಮಕ್ಕೆ ಹಳೆಯ ಬಿಳಿ ಗೋಣಿಯ ಪರದೆ ಕಟ್ಟಿದ ಮೇಲೆ ಪರಿಸ್ಥಿತಿ ಸುಧಾರಿಸಿತು.

ಭರಣಿ ಮಳೆ ಒಮ್ಮೆ ಜೋರಾಗಿ ಹೊಡೆದಾಗ ಲೆಕ್ಕ ತಿರುಗಿತು. ಬೇಸಿಗೆಯ ಮಧ್ಯೆ ಎರಡು ದಿನ ಎಡೆಬಿಡದೆ ನೆನೆದ ಮಣ್ಣಿನಲ್ಲಿ 9×9ರ ಕೆಲವು ಗಿಡಗಳ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಎತ್ತರ ಹೆಚ್ಚಿರುವ ಚೀಲಗಳು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ. ಒಣಗುವುದರಲ್ಲೂ ಮುಳುಗುವುದರಲ್ಲೂ ಮೊದಲು ಸೋಲುವುದು ಗಿಡ್ಡ ಚೀಲವೇ.

ಕೊಯ್ಲಿನ ನಂತರ ಬೇರಿನ ತಪಾಸಣೆ

ಕಾಯಿ ಬಿಡಿಸಿ ಮುಗಿದ ಮೇಲೆ ಒಂದೊಂದು ಬಗೆಯ ಚೀಲವನ್ನು ಉದ್ದಕ್ಕೆ ಸೀಳಿ, ಮಣ್ಣಿನ ಗಡ್ಡೆಯನ್ನು ನೀರಿನ ಸಣ್ಣ ಧಾರೆಯಲ್ಲಿ ತೊಳೆದು ನೋಡಿದೆ. ಕುಂಡ ಸರಿಯಿತ್ತೇ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಾಕ್ಷಿ ಇಲ್ಲ. ಆದರೂ ಕೊಯ್ಲಾದ ಮೇಲೆ ಹೆಚ್ಚಿನವರು ಗಿಡ ಕಿತ್ತು ಮಣ್ಣು ಸುರಿದು ಮುಂದಿನ ಬೀಜಕ್ಕೆ ಕೈಹಾಕುತ್ತಾರೆ.

9×9ರಲ್ಲಿ ತಾಯಿಬೇರು ತಳ ಮುಟ್ಟದೆ, ನೀರು ನಿಲ್ಲುವ ಪದರದ ಮೇಲೆಯೇ ಅಡ್ಡ ತಿರುಗಿ, ಚೀಲದ ಗೋಡೆಗುಂಟ ಸುತ್ತು ಹಾಕಿತ್ತು. ಹೊರ ಅಂಚಿನಲ್ಲಿ ಬೇರು ಹೆಣೆದ ಬುಟ್ಟಿಯಂತಾಗಿ, ನಡುವಿನ ಮಣ್ಣಿನಲ್ಲಿ ವಿರಳವಾಗಿತ್ತು. ತಳದ ಎರಡು ಇಂಚಿನಲ್ಲಿ ಮಣ್ಣು ಬೂದು ಬಣ್ಣಕ್ಕೆ ತಿರುಗಿ ಹುಳಿವಾಸನೆ ಬರುತ್ತಿತ್ತು. ಬೇರುಗಂಟುಗಳು ಮೇಲಿನ ಮೂರು ಇಂಚಿನಲ್ಲಿ ಮಾತ್ರ ಇದ್ದವು. ಕೆಲವನ್ನು ಉಗುರಿನಿಂದ ಸೀಳಿದಾಗ ಒಳಗೆ ಹಸಿರು ಮಿಶ್ರಿತ ಬಣ್ಣ ಕಂಡಿತು. ಕೆಲಸ ಮಾಡುತ್ತಿರುವ ಗಂಟಿನ ಒಳಗೆ ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವಿನಿಂದ ಗುಲಾಬಿ ಬಣ್ಣವಿರುತ್ತದೆ. ಹಸಿರಾದದ್ದು ಕೆಲಸ ನಿಲ್ಲಿಸಿದ ಗಂಟು.

12×12ರಲ್ಲಿ ಬೇರು ಇಡೀ ಮಣ್ಣನ್ನು ಹಿಡಿದಿತ್ತು, ಆದರೆ ಹೆಣೆದುಕೊಂಡಿರಲಿಲ್ಲ. ಗಡ್ಡೆಯನ್ನು ಕೈಯಿಂದ ಒಡೆದರೆ ಮಣ್ಣು ಸುಲಭವಾಗಿ ಉದುರುತ್ತಿತ್ತು, ಆರೇಳು ಇಂಚಿನ ಆಳದವರೆಗೂ ಗುಲಾಬಿ ಒಳಗಿನ ಗಂಟುಗಳಿದ್ದವು. ಎರಡು ಗಿಡಗಳ ಬೇರು ಒಂದರೊಳಗೊಂದು ಬೆರೆತಿದ್ದರೂ ಯಾವುದೂ ಇನ್ನೊಂದನ್ನು ತುಳಿದಂತೆ ತೋರಲಿಲ್ಲ. 15×15ರಲ್ಲಿ ಮೇಲಿನ ಒಂಬತ್ತು ಇಂಚು ಹಾಗೆಯೇ ತುಂಬಿತ್ತು. ಅದರ ಕೆಳಗೆ ಒಂದೆರಡು ತಾಯಿಬೇರುಗಳ ತುದಿ ಬಿಟ್ಟರೆ, ನಾನು ತುಂಬಿದ ಮಿಶ್ರಣ ತುಂಬಿದಂತೆಯೇ ಉಳಿದಿತ್ತು. ಅಂದರೆ ಮೂರನೆಯ ಒಂದು ಭಾಗದಷ್ಟು ಮಣ್ಣನ್ನು, ಚೀಲವೊಂದಕ್ಕೆ ಹದಿಮೂರು ಕೆ.ಜಿ. ಹತ್ತಿರದ ತೂಕವನ್ನು, ಛಾವಣಿ ಸುಮ್ಮನೆ ಹೊತ್ತಿತ್ತು. ಹೊಲದಲ್ಲಿ ಅವರೆಯ ತಾಯಿಬೇರು ಆಳಕ್ಕಿಳಿಯುವುದು ನಿಜ, ಮಳೆ ಕೈಕೊಟ್ಟಾಗ ರಾಗಿಯ ನಡುವೆ ಅಕ್ಕಡಿ ಸಾಲಿನ ಅವರೆ ಉಳಿಯುವುದೂ ಅದರಿಂದಲೇ. ದಿನವೂ ಮೇಲಿನಿಂದ ನೀರು ಸಿಗುವ ಚೀಲದಲ್ಲಿ, ಅಲ್ಪಾವಧಿಯ ತಳಿಗೆ ಆಳಕ್ಕೆ ಹೋಗುವ ಅಗತ್ಯವೂ ಇಲ್ಲ, ಹೊತ್ತೂ ಇಲ್ಲ.

24×12 ನನಗೆ ಅಚ್ಚರಿ ತಂದಿತು. ಎಂಟು ಗಿಡಗಳ ಬೇರು ಹತ್ತು ಇಂಚಿನ ಆಳದಲ್ಲಿ ಒಂದು ಚಾಪೆಯಂತೆ ಸಮವಾಗಿ ಹರಡಿ, ಗೋಡೆಗೆ ತಗುಲಿ ಸುತ್ತಿದ್ದು ಅಂಚಿನ ಗಿಡಗಳದು ಮಾತ್ರ. ಗಂಟುಗಳೂ ಹೇರಳವಾಗಿದ್ದವು. ಬೇರಿನ ದೃಷ್ಟಿಯಿಂದ ಇದೇ ಅತ್ಯುತ್ತಮ ಎನ್ನಲು ನನಗೆ ಸಂಕೋಚವಿಲ್ಲ.

ಹಸಿಕಾಯಿಯ ತೂಕದಲ್ಲಿ 24×12, 15×15 ಮತ್ತು 12×12ರ ಚದರ ಮೀಟರುಗಳ ನಡುವೆ ಒಂದು ಹೊತ್ತಿನ ಸಾರಿಗೆ ಆಗುವಷ್ಟು ವ್ಯತ್ಯಾಸವೂ ಇರಲಿಲ್ಲ. 9×9ರ ಚದರ ಮೀಟರು ಎರಡು ಗಿಡ ಹೆಚ್ಚಿದ್ದರೂ ಎದ್ದು ಕಾಣುವಷ್ಟು ಹಿಂದೆ ಬಿತ್ತು, ಕಾಯಿಯೊಳಗಿನ ಕಾಳೂ ಸಣ್ಣದಾಗಿತ್ತು. ರುಚಿಯ ಬಗ್ಗೆ ಹೇಳುವುದಾದರೆ ಹೆಬ್ಬಾಳ ಅವರೆಗೆ ನಾಟಿಯ ಸೊಗಡು ಬರಲಾರದು, ಚಳಿಯೂ ಇಬ್ಬನಿಯೂ ಇಲ್ಲದ ಮೇ ತಿಂಗಳಲ್ಲಂತೂ ಅದನ್ನು ನಿರೀಕ್ಷಿಸುವುದೇ ಅತಿಯಾಸೆ. ಹಿತಕಿದ ಬೇಳೆಗೆ ಅಡ್ಡಿಯಿಲ್ಲ. ಗೋಡೆಯ ಮೇಲಿನ 18×18 ಚೀಲದ ನಾಟಿ ಅವರೆ ಈ ಹೊತ್ತಿಗೆ ಪ್ಯಾರಾಪೆಟ್ಟಿನ ಕಂಬಿಯನ್ನೆಲ್ಲ ಸುತ್ತಿಕೊಂಡಿತ್ತು, ಒಂದು ಮೊಗ್ಗೂ ಇರಲಿಲ್ಲ.

ಆಯ್ಕೆ

ಇಳುವರಿ ಸಮವಾಗಿರುವಾಗ ತೀರ್ಪು ಉಳಿದ ಸಂಗತಿಗಳಿಂದ ಬರಬೇಕು. 24×12ರ ಬೇರು ಚೆನ್ನಾಗಿದ್ದರೂ ಅದನ್ನು ಸರಿಸಲಾಗದು. ಛಾವಣಿ ಸೋರಿದರೆ, ಬಿಸಿಲಿನ ಕೋನ ಬದಲಾದರೆ, ಪಕ್ಕದ ಮನೆಯವರು ಎತ್ತರಕ್ಕೆ ಕಟ್ಟಿಸಿದರೆ ಅದು ಇದ್ದಲ್ಲಿಯೇ ಇರಬೇಕು. ಬೇರುಕೊಳೆ ಹತ್ತಿದರೆ ಎಂಟು ಗಿಡಕ್ಕೂ ಒಟ್ಟಿಗೇ ಹತ್ತುತ್ತದೆ. ಕೆಳಗೆ ತೊಲೆಯೋ ಗೋಡೆಯೋ ಇರುವ ಖಚಿತ ಜಾಗವಿದ್ದು, ಒಮ್ಮೆ ಇಟ್ಟ ಮೇಲೆ ಅಲುಗಿಸುವ ಉದ್ದೇಶವಿಲ್ಲದವರಿಗೆ ಅದನ್ನು ಧಾರಾಳವಾಗಿ ಹೇಳುತ್ತೇನೆ. ನನ್ನ ತಾರಸಿಗೆ 12×12 ಒಪ್ಪಿತು: ತಲಾ ಎರಡು ಗಿಡ, ಅರ್ಧ ಮೀಟರ್ ಅಂತರ, ಚದರ ಮೀಟರಿಗೆ ನಾಲ್ಕು ಚೀಲ. ಇಪ್ಪತ್ತು ಕೆ.ಜಿ.ಯನ್ನು ಇಬ್ಬರು ಹಿಡಿದು ಆರಾಮವಾಗಿ ಸರಿಸಬಹುದು, ಒಂದು ಕೆಟ್ಟರೆ ಅದೊಂದನ್ನೇ ದೂರ ಇಡಬಹುದು. ಅಷ್ಟೇ ಮಣ್ಣು ಹಿಡಿಯುವ 20 ಲೀಟರಿನ ಖಾಲಿ ಪೇಂಟ್ ಬಕೆಟ್ಟೂ ಇದೇ ಕೆಲಸ ಮಾಡುತ್ತದೆ, ಚೆನ್ನಾಗಿ ಉಜ್ಜಿ ತೊಳೆದು ತಳದಲ್ಲಿ ಧಾರಾಳವಾಗಿ ತೂತು ಮಾಡಿದ್ದರೆ. ಅದರ ಹಿಡಿಕೆ ತೂಗುವುದಕ್ಕೂ ಅನುಕೂಲ.

ಬಟ್ಟೆಯ ಚೀಲಗಳ ಬಗ್ಗೆ ಕೇಳುವವರಿದ್ದಾರೆ. ದಪ್ಪ ಫೆಲ್ಟ್ ಚೀಲದ ಗೋಡೆಗೆ ತಲುಪಿದ ಬೇರಿನ ತುದಿ ಒಣಗಾಳಿಗೆ ಸಿಕ್ಕಿ ನಿಂತು, ಹಿಂದಿನಿಂದ ಕವಲು ಒಡೆಯುವುದರಿಂದ ಸುತ್ತು ಹಾಕುವ ತೊಂದರೆ ಇರುವುದಿಲ್ಲ, ಅದು ನಿಜವಾದ ಗುಣ. ಆದರೆ ನೀರು ಪಕ್ಕದಿಂದಲೂ ಆವಿಯಾಗುವುದರಿಂದ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೆಂಗಳೂರಿನ ಒಣಹವೆಯಲ್ಲಿ ಅದೇ ಅಳತೆಯ ಪ್ಲಾಸ್ಟಿಕ್ ಚೀಲಕ್ಕಿಂತ ಬೇಗ ಒಣಗುತ್ತದೆ. ಬೋರ್‌ವೆಲ್ ನೀರಾದರೆ ಹೊರಮೈ ಮೇಲೆ ಉಪ್ಪಿನ ಬಿಳಿ ಪದರವೂ ಕಟ್ಟುತ್ತದೆ. ಮಳೆಗಾಲದ ಬಿತ್ತನೆಗೆ ಅದನ್ನು ಬಳಸುವುದರಲ್ಲಿ ಅರ್ಥವಿದೆ. 12×12ರಲ್ಲಿ ಬೇರು ಸುತ್ತು ಹಾಕುವ ಮೊದಲೇ ಈ ತಳಿಯ ಆಯುಷ್ಯ ಮುಗಿಯುವುದರಿಂದ ಬೇಸಿಗೆಗೆ ನನಗೆ ಅದರ ಅವಶ್ಯಕತೆ ಕಾಣಲಿಲ್ಲ.

ಸೀಳದೆ ಉಳಿದ ಚೀಲಗಳ ಮಣ್ಣನ್ನು ಒಡೆದು, ಬೇರುಗಂಟುಗಳನ್ನು ಅಲ್ಲಿಯೇ ಬಿಟ್ಟು, ಕುಗ್ಗಿದ ಎತ್ತರವನ್ನು ತುಂಬುವಷ್ಟು ಎರೆಗೊಬ್ಬರ ಸೇರಿಸಿ ಜೂನ್‌ನಲ್ಲಿ ಸೊಪ್ಪು ಬಿತ್ತಿದ್ದೇನೆ. 9×9 ಚೀಲಗಳು ಈಗ ಕೊತ್ತಂಬರಿಗೂ ಮೆಂತ್ಯಕ್ಕೂ ಹೋಗಿವೆ. ಆ ಬೆಳೆಗಳಿಗೆ ಏಳು ಇಂಚು ಮಣ್ಣು ಸಾಕಾಗುತ್ತದೆ.